ಲ್ಯಾಟಿನ್ ಕೃದಂತವನ್ನು ನಾನು ಕಲಿತದ್ದು ಹೀಗೆ

ಲ್ಯಾಟಿನ್‌ನಲ್ಲಿ 'ಫೆರೇನ್ಸ್' ಅಂದರೆ 'ತರುತ್ತಿರುವ'. ಹೀಗೆ ಕ್ರಿಯಾಪದದ ಧಾತುವಿನಿಂದ ಹುಟ್ಟಿ ವಿಶೇಷಣದ ಹಾಗೆ ನಡೆಯುವ ಪದವೇ ಕೃದಂತ. ಕನ್ನಡದ 'ತರುವ' ಯಾವತ್ತೂ ಬದಲಾಗುವುದಿಲ್ಲ, ತರುವ ಹುಡುಗನೂ ಅಷ್ಟೇ, ತರುವ ಹುಡುಗಿಯರಿಗೂ ಅಷ್ಟೇ. ಲ್ಯಾಟಿನ್‌ನಲ್ಲಿ ಹಾಗಲ್ಲ, ನಾಮಪದದ ವಿಭಕ್ತಿ, ವಚನ, ಲಿಂಗ ಎಲ್ಲವೂ ಕೃದಂತಕ್ಕೂ ಬರಬೇಕು. ಇಲ್ಲಿ ನನಗೆ ಕೈಹಿಡಿದದ್ದು ಹೈಸ್ಕೂಲಿನ ಸಂಸ್ಕೃತ.

ಧಾತುವಿಗೆ ಸೇರಿ 'ಮಾಡುತ್ತಿರುವ' ಥರದ ಅರ್ಥ ಕೊಡುವ ಸಂಸ್ಕೃತದ ಶತೃ ಪ್ರತ್ಯಯ ನೆನಪಿದೆ ಅಲ್ವಾ? ಭರನ್ (ಹೊರುತ್ತಿರುವ), ಭರಂತಂ, ಭರಂತಃ. ಲ್ಯಾಟಿನ್‌ನಲ್ಲಿ ಫೆರೇನ್ಸ್, ಫೆರೆಂತೆಮ್, ಫೆರೆಂತೇಸ್. ಎರಡೂ ಭಾಷೆಗಳಲ್ಲಿ ಧಾತುವಿನ ಮೂಲ ಒಂದೇ, ಆ 'ಂತ್' ಕೂಡ ಒಂದೇ. ಹಾಗಾಗಿ ದೊಡ್ಡ ಪಟ್ಟಿಗಳನ್ನು ಸುಮ್ನೆ ಉರು ಹೊಡೆಯದೆ, ಪ್ರತಿ ಕ್ರಿಯಾಪದಕ್ಕೂ ಪ್ರಥಮಾ ಮತ್ತು ಷಷ್ಠಿ ರೂಪಗಳನ್ನು ಜೋಡಿಯಾಗಿ ಬರೆದುಕೊಂಡೆ: ಅಮಾನ್ಸ್, ಅಮಂತಿಸ್, ಫೆರೇನ್ಸ್, ಫೆರೆಂತಿಸ್. ಷಷ್ಠಿಯ 'ಇಸ್' ತೆಗೆದರೆ ಉಳಿಯುವ ಭಾಗಕ್ಕೆ ಬೇರೆ ಪ್ರತ್ಯಯಗಳನ್ನು ಅಂಟಿಸಿದರಾಯಿತು. 'ಹೋಗುತ್ತಿರುವ' ಅನ್ನುವುದಕ್ಕೆ ಮಾತ್ರ ಇಯೇನ್ಸ್, ಎಉಂತಿಸ್ ಅಂತ ಬರುತ್ತದೆ, ಅದನ್ನು ಬೇರೆಯಾಗಿಯೇ ನೆನಪಿಡಬೇಕು. ಸಂಸ್ಕೃತದ 'ಭರಂತೀ' ಥರದ ಸ್ತ್ರೀಲಿಂಗ ರೂಪ ಇಲ್ಲಿಲ್ಲ. ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಒಂದೇ ರೂಪ, ಅಷ್ಟು ಕೆಲಸ ಕಡಿಮೆ.

ಅರ್ಥ ಗಟ್ಟಿಯಾದದ್ದು ರೋಮನ್ ಕವಿ ವರ್ಜಿಲನ 'ಈನಿಯಡ್' ಕಾವ್ಯದ 2ನೇ ಸರ್ಗದ 49ನೇ ಸಾಲಿನಿಂದ. ಗ್ರೀಕರು ಬಿಟ್ಟುಹೋದ ಮರದ ಕುದುರೆಯನ್ನು ನೋಡಿ ಟ್ರಾಯ್ ನಗರದ ಪುರೋಹಿತ ಲಾವೊಕೊಆನ್ ಹೇಳುತ್ತಾನೆ: 'ತಿಮೆಓ ದನಾಓಸ್ ಎತ್ ದೋನಾ ಫೆರೆಂತೀಸ್'. ಉಡುಗೊರೆ ತರುತ್ತಿದ್ದರೂ ಗ್ರೀಕರೆಂದರೆ ನನಗೆ ಭಯ ಅಂತ. ಈ 'ಫೆರೆಂತೀಸ್' ಅನ್ನುವುದು ಫೆರೆಂತೇಸ್‌ನ ಹಳೆಯ ರೂಪ, ದ್ವಿತೀಯಾ ಬಹುವಚನ. ಅಚ್ಚಿನಲ್ಲಿ ಸಾಮಾನ್ಯವಾಗಿ ದೀರ್ಘದ ಗುರುತು ಇರುವುದಿಲ್ಲ, ಆದ್ದರಿಂದ ಷಷ್ಠಿ ಏಕವಚನದ ಹಾಗೇ ಕಾಣುತ್ತದೆ. ಸಾಲಿನ ಕೊನೆಯ ಅಕ್ಷರ ಹ್ರಸ್ವವಾದರೂ ದೀರ್ಘವಾದರೂ ನಡೆಯುತ್ತದೆ, ಹಾಗಾಗಿ ಛಂದಸ್ಸೂ ಬಿಡಿಸಿ ಹೇಳುವುದಿಲ್ಲ. ಆಗ ನಾನು ಮಾಡುವುದು ಇಷ್ಟೇ, ಜೊತೆಗಾರ ನಾಮಪದ ಯಾವುದು ಅಂತ ಹುಡುಕುತ್ತೇನೆ. 'ದನಾಓಸ್' (ಗ್ರೀಕರನ್ನು) ದ್ವಿತೀಯಾ ಬಹುವಚನದಲ್ಲಿದೆ, ಅಲ್ಲಿಗೆ ಗೊತ್ತಾಯಿತು. ಇನ್ನೊಂದು ಚಂದ ನೋಡಿ, 'ದೋನಾ' (ಉಡುಗೊರೆಗಳನ್ನು) ಈ ಕೃದಂತದ ಕರ್ಮ. ವಿಶೇಷಣದ ಹಾಗೆ ನಡೆದರೂ ಅದು ಕ್ರಿಯಾಪದದ ಗುಣ ಬಿಟ್ಟಿಲ್ಲ! ನನಗೆ ಲ್ಯಾಟಿನ್‌ನಲ್ಲಿ ಅತಿ ಜಾಸ್ತಿ ಇಷ್ಟವಾದ ವಿಷಯ ಇದೇ.

ಜಾಗ್ರತೆ ಬೇಕಾದದ್ದು ಅಬ್ಲೇಟಿವ್ ಏಕವಚನದಲ್ಲಿ, ಅಂದರೆ 'ಇಂದ' ಥರದ ಅರ್ಥ ಕೊಡುವ ವಿಭಕ್ತಿಯಲ್ಲಿ. ಬರೀ ವಿಶೇಷಣವಾದರೆ ಕೊನೆಗೆ 'ಈ' ಬರುತ್ತದೆ: 'ಆರ್ದೆಂತೀ ಅನಿಮೋ', ಉರಿಯುವ ಮನಸ್ಸಿನಿಂದ. ನಿಜವಾಗಿ ಕ್ರಿಯೆ ನಡೆಯುತ್ತಿದ್ದರೆ 'ಎ' ಬರುತ್ತದೆ: 'ಸೋಲೆ ಓರಿಯೆಂತೆ', ಸೂರ್ಯ ಹುಟ್ಟುತ್ತಿರುವಾಗ. ಸಂಸ್ಕೃತದ ಸತಿ ಸಪ್ತಮಿ ('ಹೀಗೆ ನಡೆಯುತ್ತಿರುವಾಗ' ಅನ್ನಲು ಬಳಸುವ ಸಪ್ತಮಿ ಪ್ರಯೋಗ) ಗೊತ್ತಿದ್ದವರಿಗೆ ಈ ಎರಡನೆಯದು ಓದಿದ ಕೂಡಲೇ ಹೊಳೆಯುತ್ತದೆ.