ಬಳ್ಳಾರಿಯ ಪ್ರೆಸ್ಸಿನಲ್ಲಿ ಸ್ಕೀ ಬೂಟಿನ ಬಕಲ್: ನನ್ನ ಅನುಭವ

ಕಳೆದ ಮಾರ್ಚ್ ಕೊನೆಯ ವಾರದಲ್ಲಿ ಗುಲ್ಮಾರ್ಗ್‌ನಿಂದ ನನ್ನ ಹೆಸರಿಗೆ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಬಂತು. ಅದರಲ್ಲಿ ಸ್ಕೀ ಬೂಟಿನ, ಅಂದರೆ ಹಿಮದ ಮೇಲೆ ಜಾರುವ ಆಟಕ್ಕೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಬೂಟಿನ, ಹನ್ನೊಂದು ಬಕಲ್‌ಗಳಿದ್ದವು. ಎರಡು ಚಳಿಗಾಲಗಳಲ್ಲಿ ಅಲ್ಲಿನ ಬಾಡಿಗೆ ಅಂಗಡಿಗಳಿಗೆ ನಾನು ಕಳುಹಿಸಿದ ಸುಮಾರು 640 ಬಕಲ್‌ಗಳ ಪೈಕಿ ದೂರಿನೊಂದಿಗೆ ಹಿಂತಿರುಗಿದವು ಇಷ್ಟೇ. ಪರೀಕ್ಷಿಸಿ ನೋಡಿದಾಗ ಏಳರಲ್ಲಿ ಬಕಲ್ ಸರಿಯಾಗಿಯೇ ಇತ್ತು; ಬೂಟಿನ ಹಳೆಯ ಪಾಲಿಯುರೆಥೇನ್ ಚಿಪ್ಪು ವರ್ಷಗಟ್ಟಲೆ ತೇವ ಕುಡಿದು ಸತ್ವ ಕಳೆದುಕೊಂಡು, ರಿವೆಟ್ ತೂತಿನ ಸುತ್ತ ಹಪ್ಪಳದಂತೆ ಮುರಿದು ಬಕಲ್‌ನೊಂದಿಗೆ ಕಿತ್ತು ಬಂದಿತ್ತು. ಉಳಿದ ನಾಲ್ಕರ ತಪ್ಪು ನನ್ನದೇ, ಅದನ್ನು ಮುಂದೆ ಹೇಳುತ್ತೇನೆ. ಮುಂಡರಗಿ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟಿನ ಗುಂಡಿ, ರಿವೆಟ್, ಬೆಲ್ಟಿನ ಬಕಲ್‌ಗಳನ್ನು ಒತ್ತುತ್ತಾ ಹತ್ತೊಂಬತ್ತು ವರ್ಷ ಕಳೆದ ನನಗೆ ಈ ಲೆಕ್ಕವನ್ನು ಬರೆದಿಡಬೇಕು ಎನ್ನಿಸಿದೆ. ಹಿಮವನ್ನೇ ಕಾಣದ ಊರಿನಲ್ಲಿ ಕುಳಿತು ಹಿಮದ ಮೇಲಿನ ಸಾಮಾನು ಮಾಡಲು ಸಾಧ್ಯವೇ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ.

ನಾಲ್ಕು ವರ್ಷಗಳ ಹಿಂದೆ ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೋಗಿದ್ದ ನನ್ನ ಸೋದರಳಿಯ ಬರುವಾಗ ಕರವಸ್ತ್ರದಲ್ಲಿ ಮೂರು ಮುರಿದ ಬಕಲ್‌ಗಳನ್ನು ಕಟ್ಟಿಕೊಂಡು ಬಂದಿದ್ದ. ಅಲ್ಲಿನ ಬಾಡಿಗೆ ಬೂಟುಗಳಲ್ಲಿ ಬಹುಪಾಲು ವಿದೇಶದಲ್ಲಿ ಬಳಸಿ ಬಿಟ್ಟವು. ಚಿಪ್ಪು ಗಟ್ಟಿಯಾಗಿದ್ದರೂ ನಾಲ್ಕು ಬಕಲ್‌ಗಳಲ್ಲಿ ಒಂದು ಮುರಿದರೆ ಜೊತೆಯೇ ಮೂಲೆ ಸೇರುತ್ತದೆ, ಇಲ್ಲವೇ ತಂತಿ ಸುತ್ತಿ, ಟೇಪು ಹಚ್ಚಿ ಪ್ರವಾಸಿಗರಿಗೆ ಕೊಡಲಾಗುತ್ತದೆ. ಹೊರದೇಶದಿಂದ ತರಿಸಿದರೆ ಒಂದು ಬಕಲ್‌ಗೆ ಸಾಗಣೆ, ಸುಂಕ ಸೇರಿ ಆಗಿನ ಕಾಲಕ್ಕೆ 700 ರೂಪಾಯಿಯ ಆಸುಪಾಸು ಬೀಳುತ್ತಿತ್ತು. ನನ್ನಲ್ಲಿ ಲೋಹದ ಹಾಳೆ ಒತ್ತುವ ಪ್ರೆಸ್ ಇತ್ತು, ಡೈ, ಅಂದರೆ ಅಚ್ಚು, ಮಾಡುವ ಕೈ ಇತ್ತು. 200 ರೂಪಾಯಿಯೊಳಗೆ ಕೊಡಬಲ್ಲೆ ಎಂಬ ಧೈರ್ಯದಿಂದ ಕೆಲಸಕ್ಕೆ ಇಳಿದೆ.

ಮೊದಲ ಹೆಜ್ಜೆಯೇ ತಪ್ಪಾಯಿತು. ಬೆಲ್ಟಿನ ಬಕಲ್‌ಗಳನ್ನು ನಾವು ಜಮಾಕ್‌ನಲ್ಲಿ, ಅಂದರೆ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯಿಸುತ್ತಿದ್ದೆವಾದ್ದರಿಂದ ಸ್ಕೀ ಬೂಟಿನ ಲಿವರನ್ನೂ, ಅಂದರೆ ಬಕಲ್ ಮುಚ್ಚಲು ಮಡಚುವ ಹಿಡಿಯನ್ನೂ, ಅದರಲ್ಲಿಯೇ ಮಾಡಿಸಿದರಾಯಿತು ಎಂದುಕೊಂಡೆ. ಡೈಗೆ 2 ಲಕ್ಷದ 80 ಸಾವಿರ ಕೊಟ್ಟೆ. ಡೈ ಮಾಡಿದವರು ಇದು ಆನೆ ತುಳಿದರೂ ಮುರಿಯುವುದಿಲ್ಲ ಎಂದು ಭರವಸೆ ಕೊಟ್ಟರು, ಏಪ್ರಿಲ್ ತಿಂಗಳ ನಮ್ಮ ಶೆಡ್ಡಿನಲ್ಲಿ ಅದು ಮುರಿಯಲೂ ಇಲ್ಲ. ಅಂದು ಹೊರಗೆ 42 ಡಿಗ್ರಿ ಬಿಸಿಲಿತ್ತು. ನಲವತ್ತು ಲಿವರ್‌ಗಳನ್ನು ಕಳುಹಿಸಿದ ಜನವರಿಯಲ್ಲಿ ಮೊದಲ ವಾರವೇ ಒಂಬತ್ತು ತುಂಡಾದವು. ಫೋಟೊದಲ್ಲಿ ಮುರಿದ ಬಾಯಿ ಬೆಲ್ಲದ ಅಚ್ಚು ಒಡೆದಂತೆ ಕಾಣುತ್ತಿತ್ತು, ಎಳೆದು ಬಾಗಿದ ಗುರುತೇ ಇರಲಿಲ್ಲ. ಸತುವಿನ ಎರಕ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಂತೆ ಪೆಟ್ಟು ತಡೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ ಎಂಬುದು ಲೋಹದ ಪುಸ್ತಕಗಳಲ್ಲಿದೆ, ಆದರೆ ಬಳ್ಳಾರಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದರೂ ಅದನ್ನು ಕಣ್ಣಾರೆ ಕಾಣುವ ಸಂದರ್ಭ ನನಗೆ ಬಂದಿರಲಿಲ್ಲ.

ಆಮೇಲೆ ಒಂದು ಹಳೆಯ ಐಸ್‌ಕ್ರೀಂ ಫ್ರೀಜರನ್ನು 9 ಸಾವಿರಕ್ಕೆ ಕೊಂಡು ಶೆಡ್ಡಿನ ಮೂಲೆಯಲ್ಲಿ ಇಟ್ಟೆ. ಮೈನಸ್ 18ಕ್ಕೆ ಇಳಿಸಿ, ರಾತ್ರಿಯಿಡೀ ತುಂಡನ್ನು ಅದರಲ್ಲಿಟ್ಟು, ಹೊರತೆಗೆದ ಅರ್ಧ ನಿಮಿಷದೊಳಗೆ ಒಂದು ಮೀಟರ್ ಎತ್ತರದಿಂದ ಎರಡು ಕಿಲೊ ತೂಕದ ಗುಂಡನ್ನು ಅದರ ಮೇಲೆ ಬೀಳಿಸುವುದು ನನ್ನ ಪದ್ಧತಿ. ನಮ್ಮ ಸೆಕೆಯಲ್ಲಿ ಒಂದು ನಿಮಿಷ ತಡವಾದರೂ ತುಂಡಿನ ಮೇಲೆ ಇಬ್ಬನಿ ಹಿಡಿದು ಶಾಖ ಏರಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ವಿದ್ಯುತ್ ಕೈಕೊಟ್ಟ ದಿನಗಳಲ್ಲಿ ಐಸ್ ಕಾರ್ಖಾನೆಯವರನ್ನು ಕೇಳಿಕೊಂಡು ಅವರ ಉಪ್ಪುನೀರಿನ ತೊಟ್ಟಿಯಲ್ಲಿ ತುಂಡುಗಳನ್ನು ತಂತಿಗೆ ಕಟ್ಟಿ ಇಳಿಬಿಟ್ಟದ್ದೂ ಉಂಟು. ಆ ದಿನದಿಂದ ಈ ಚಳಿ ಪರೀಕ್ಷೆಯನ್ನು ದಾಟದ ಯಾವ ಮಾದರಿಯೂ ನನ್ನ ಶೆಡ್ಡಿನಿಂದ ಹೊರಗೆ ಹೋಗಿಲ್ಲ.

ಮುಂದೆ ಅಲ್ಯೂಮಿನಿಯಂ ಹಿಡಿದೆ. ಒಳ್ಳೆಯ ಬೂಟುಗಳಲ್ಲಿ ಇರುವುದೂ ಅದೇ, ಚಳಿಗೆ ಅದು ಪೆಡಸಾಗುವುದಿಲ್ಲ. ಆದರೆ ಅದನ್ನು ಅಚ್ಚಿನಲ್ಲಿ ಬಡಿದು ಮಾಡಿಸುವಷ್ಟು ಹಣ ನನ್ನಲ್ಲಿ ಉಳಿದಿರಲಿಲ್ಲ. 3 ಮಿಲಿಮೀಟರ್ ದಪ್ಪದ ಟಿ-6, ಅಂದರೆ ಕಾಯಿಸಿ ಗಟ್ಟಿ ಮಾಡಿದ, ಹಾಳೆಯನ್ನು ಪ್ರೆಸ್ಸಿನಲ್ಲಿ ಬಗ್ಗಿಸಿದರೆ ಬಾಗಿನ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಬರುತ್ತಿತ್ತು. ಕಾಯಿಸಿ ಮೃದು ಮಾಡಿ ಬಗ್ಗಿಸಿದರೆ ಬಿರುಕು ನಿಂತಿತು, ಲಿವರ್ ಮಾತ್ರ ಕೈಯ ಒತ್ತಿಗೇ ಬಾಳೆಹಣ್ಣಿನಂತೆ ಬಾಗುತ್ತಿತ್ತು. ಇದರಲ್ಲಿ ಮೂರು ತಿಂಗಳೂ ಸುಮಾರು 60 ಸಾವಿರವೂ ಹೋಯಿತು.

ಕೊನೆಗೆ ನನಗೆ ಗೊತ್ತಿದ್ದ ಕೆಲಸಕ್ಕೇ ಹಿಂತಿರುಗಿದೆ. ಎರಕ ಬೇಡ, ಹಾಳೆಯನ್ನು ಕತ್ತರಿಸಿ ಬಗ್ಗಿಸುವುದು. 304 ದರ್ಜೆಯ ಸ್ಟೇನ್‌ಲೆಸ್ ಹಾಳೆ, ದಪ್ಪ 2 ಮಿಲಿಮೀಟರ್. ಎರಡೂ ಅಂಚನ್ನು ಮಡಚಿ ದೋಣಿಯಾಕಾರ ಕೊಟ್ಟರೆ ಲಿವರ್ ಬಾಗುವುದೂ ಇಲ್ಲ, ಮೈನಸ್ 18ರಲ್ಲಿ ಗುಂಡು ಬಿದ್ದರೆ ತಗ್ಗಾಗುತ್ತದೆಯೇ ಹೊರತು ಮುರಿಯುವುದೂ ಇಲ್ಲ. ಪ್ರೆಸ್ ಟೂಲನ್ನು ಎಚ್‌ಸಿಎಚ್‌ಸಿಆರ್ ಎಂಬ ಅಚ್ಚಿನ ಉಕ್ಕಿನಲ್ಲಿ ನಾನೇ ನಿಂತು ಮಾಡಿಸಿದೆ, 70 ಸಾವಿರದಲ್ಲಿ ಮುಗಿಯಿತು. ಹಾಳೆಯ ಲಿವರ್ ಅಗ್ಗದ ಸಾಮಾನಿನಂತೆ ಕಾಣುತ್ತದೆ, ಯಾರೂ ಕೊಳ್ಳುವುದಿಲ್ಲ ಎಂದು ಈ ಹಂತದಲ್ಲಿ ಹೇಳಿದವರಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೂ ಇದ್ದರು. ಇಂದು ಅವರ ಮೇಜಿನ ಮೇಲೆ ನನ್ನ ಒಂದು ಲಿವರ್ ಇದೆ.

ಲೋಹ ಸಿಕ್ಕಮೇಲೆ ಜ್ಯಾಮಿತಿಯ ಕಾಟ ಶುರುವಾಯಿತು. 1955ರಲ್ಲಿ ಸ್ವಿಟ್ಜರ್ಲೆಂಡಿನ ಹೆಂಕೆ ಕಂಪನಿ ಲೇಸಿನ ಬದಲು ಬಕಲ್ ಹಾಕಿದ ಚರ್ಮದ ಬೂಟನ್ನು ತಂದಾಗಿನಿಂದ, ಪ್ಲಾಸ್ಟಿಕ್ ಚಿಪ್ಪು ಬಂದಮೇಲೂ, ಮೂಲ ತತ್ತ್ವ ಒಂದೇ: ಲಿವರಿಗೆ ಜೋಡಿಸಿದ ತಂತಿಯ ಕುಣಿಕೆ ಎದುರಿನ ಹಲ್ಲಿನ ಏಣಿಗೆ ಸಿಕ್ಕಿಕೊಳ್ಳುತ್ತದೆ; ಲಿವರನ್ನು ಮಡಚುವಾಗ ಆ ತಂತಿಯ ಎಳೆತದ ಗೆರೆ, ಲಿವರ್ ತಿರುಗುವ ಪಿನ್ನಿನ ನಡುವನ್ನು ದಾಟಿ ಆಚೆ ಬದಿಗೆ ಬೀಳಬೇಕು, ಆಗ ಬೂಟು ಎಳೆದಷ್ಟೂ ಲಿವರ್ ಮುಚ್ಚಿಕೊಳ್ಳುತ್ತದೆ. ಎಷ್ಟು ದಾಟಬೇಕು ಎಂಬಲ್ಲಿಯೇ ಪ್ರಾಣ ಇರುವುದು. ನನ್ನ ಮೊದಲ ತುಂಡುಗಳಲ್ಲಿ ದಾಟುವಿಕೆ 0.8 ಮಿಲಿಮೀಟರ್ ಮಾತ್ರ ಇದ್ದು, ಇಳಿಜಾರಿನ ದಿಬ್ಬಗಳ ಮೇಲೆ ಕುಲುಕಿದಾಗ ಪಾದದ ಮೇಲಿನ ಎರಡನೇ ಬಕಲ್ ತಾನಾಗಿ ತೆರೆದುಕೊಳ್ಳುತ್ತಿತ್ತು. 3 ಮಿಲಿಮೀಟರ್‌ಗೆ ಏರಿಸಿದಾಗ ತೆರೆಯುವುದು ನಿಂತಿತು, ಆದರೆ ಮುಚ್ಚುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯಲ್ಲಿ 60 ಕಿಲೊದವರೆಗೆ ಎಳೆತ ಬರುತ್ತಿತ್ತು. ಚಳಿಯಲ್ಲಿ ಬಿರುಸಾದ ಚಿಪ್ಪಿನ ಮೇಲೆ ಮಕ್ಕಳಿರಲಿ, ದೊಡ್ಡವರೂ ಅದನ್ನು ಮುಚ್ಚಲಾರರು. ಹಲವು ತುಂಡು ಮಾಡಿ ನೋಡಿದ ಬಳಿಕ 2 ಮಿಲಿಮೀಟರ್‌ಗಿಂತ ತುಸು ಕಡಿಮೆಯಲ್ಲಿ ನಿಂತೆ, ಎಳೆತ 40 ಕಿಲೊದ ಸುತ್ತಮುತ್ತ ಬಂತು. ಲಿವರಿನ ಉದ್ದವನ್ನು 62 ಮಿಲಿಮೀಟರ್‌ಗೆ ಏರಿಸಿ ತುದಿಯನ್ನು ಮೇಲಕ್ಕೆ ಎತ್ತಿದ್ದರಿಂದ ದಪ್ಪ ಕೈಗವಸಿನ ಬೆರಳೂ ಅದರಡಿ ಹೋಗುತ್ತದೆ.

ಬಾಳಿಕೆಯನ್ನು ಅಳೆಯಲು ಗುಜರಿಯಲ್ಲಿ ಸಿಕ್ಕ ಲಾರಿಯ ವೈಪರ್ ಮೋಟಾರಿಗೆ ಕ್ರ್ಯಾಂಕ್ ಜೋಡಿಸಿ, ಎಣಿಕೆಯ ಮೀಟರ್ ಕೂರಿಸಿದೆ. ಅದು ನಿಮಿಷಕ್ಕೆ ಸುಮಾರು 45 ಸಲ ಬಕಲನ್ನು ಮುಚ್ಚಿ ತೆರೆಯುತ್ತದೆ, ಒಂದು ಪಾಳಿಯಲ್ಲಿ 20,000 ಮುಗಿಯುತ್ತದೆ. ಬಾಡಿಗೆ ಬೂಟಿನ ಬಕಲ್ ದಿನಕ್ಕೆ ಹತ್ತು ಸಲ, ಋತುವಿಗೆ ತೊಂಬತ್ತು ದಿನ ಬಳಕೆಯಾದರೆ ಹತ್ತು ವರ್ಷಕ್ಕೆ 9,000 ಆಗುತ್ತದೆ. ನಾನು ಅದರ ಇಮ್ಮಡಿಗಿಂತ ಹೆಚ್ಚನ್ನು ಗುರಿ ಇಟ್ಟುಕೊಂಡೆ. ಮೊದಲ ಸುತ್ತಿನಲ್ಲಿ 1,400ಕ್ಕೇ ಲಿವರ್ ಕಿರುಗುಟ್ಟಿ ನಿಂತುಬಿಟ್ಟಿತು. ಪಿನ್ನನ್ನು ಬಡಿದು ಹೊರತೆಗೆದಾಗ ಅದರ ಮೈಯೆಲ್ಲಾ ಬೆಕ್ಕು ಪರಚಿದಂತೆ ಗೀರುಗಳಿದ್ದವು, ತೂತಿನ ಅಂಚಿನ ಲೋಹ ಪಿನ್ನಿಗೆ ಅಂಟಿಕೊಂಡು ಬಂದಿತ್ತು. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಹೀಗೆ ಕಚ್ಚಿಕೊಳ್ಳುವುದು ಅದರ ಸ್ವಭಾವ. ಗ್ರೀಸ್ ಹಚ್ಚಿದರೆ ಫ್ರೀಜರಿನಲ್ಲಿ ಅದು ಮೇಣದಂತೆ ಬಿಗಿಯುತ್ತಿತ್ತು. ನಡುವೆ ಅಸಿಟಾಲ್ ಪ್ಲಾಸ್ಟಿಕ್‌ನ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಸಣ್ಣ ಕೊಳವೆ, ಹಾಕಿದಮೇಲೆ ಆ ಸದ್ದೇ ಅಡಗಿತು.

ಎರಡನೆಯ ಸಾವು ತಂತಿಯ ಕುಣಿಕೆಯದು. ಬೂಟಿನ ಬಿಗಿಯನ್ನು ಸೂಕ್ಷ್ಮವಾಗಿ ಹೊಂದಿಸಲು ಕುಣಿಕೆಯ ಬಾಲಕ್ಕೆ ಎಂ-5 ಮರೆ, ಅಂದರೆ 5 ಮಿಲಿಮೀಟರ್ ಸ್ಕ್ರೂವಿನಂಥ ತಿರುಪಿನ ಸುತ್ತು, ಇರುತ್ತದೆ. ಅರ್ಧ ಸುತ್ತು ತಿರುಗಿಸಿದರೆ 0.4 ಮಿಲಿಮೀಟರ್ ಉದ್ದ ಕೂಡುತ್ತದೆ ಇಲ್ಲವೇ ಕಳೆಯುತ್ತದೆ. 5 ಮಿಲಿಮೀಟರ್ ತಂತಿಗೆ ನಾವು ಡೈಯಿಂದ ಮರೆ ಕೊರೆಯುತ್ತಿದ್ದೆವು, ಮೂರು ಸಾವಿರದ ಹತ್ತಿರ ಬಂದಾಗ ಮರೆಯ ಕೊನೆಯ ಸುತ್ತಿನ ಬುಡದಲ್ಲಿ ಕುಣಿಕೆ ಕತ್ತರಿಸಿ ಬೀಳುತ್ತಿತ್ತು. ಕೊರೆಯುವುದನ್ನು ಬಿಟ್ಟು 4.4 ಮಿಲಿಮೀಟರ್ ತಂತಿಯ ಮೇಲೆ ಮರೆಯನ್ನು ಉರುಳಿಸಿ ಒತ್ತಿಸಲು ಬೆಂಗಳೂರಿನ ಪೀಣ್ಯಕ್ಕೆ ಕಳುಹಿಸಿದೆ. ಅಲ್ಲಿ ಸಾವಿರಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ ಎಂದರು, ತುಂಡಿಗೆ 3 ರೂಪಾಯಿ ಕೂಲಿ. ಉರುಳಿಸಿದ ಮರೆಯಲ್ಲಿ ಲೋಹದ ಎಳೆ ಕಡಿಯದೆ ಒತ್ತಿಕೊಂಡು ಹರಿಯುವುದರಿಂದ ಅದೇ ಯಂತ್ರದ ಮೇಲೆ ಎಣಿಕೆ 52,000 ದಾಟಿತು, ಆಮೇಲೆ ಮೋಟಾರಿನ ಮೇಲಿನ ಕನಿಕರದಿಂದ ನಾನೇ ನಿಲ್ಲಿಸಿದೆ. ಮರೆ ಮುಗಿದು ಕುಣಿಕೆಯ ಬಾಗು ಶುರುವಾಗುವ ನಡುವಿನ ಎರಡು ಮಿಲಿಮೀಟರ್ ಜಾಗವನ್ನು ನಾನು ಹೇಗೆ ಮುಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಐದು ತಿಂಗಳು ಹಿಡಿದಿದೆ.

ಕುಣಿಕೆ ಸಿಕ್ಕಿಕೊಳ್ಳುವ ಹಲ್ಲಿನ ಏಣಿಯ ಬಗ್ಗೆ ನನಗೆ ವಿಶೇಷ ಅಭಿಮಾನವಿದೆ. ನನ್ನ ಕೈಗೆ ಬಂದ ಹಳೆಯ ಏಣಿಗಳೆಲ್ಲ ತಳ ಮುಚ್ಚಿದ ಎರಕದವು. ಹಲ್ಲುಗಳ ಸಂದಿಯಲ್ಲಿ ಹಿಮ ಕೂತು, ತುಳಿತಕ್ಕೆ ಗಟ್ಟಿಯಾಗಿ ಮಂಜುಗಡ್ಡೆಯಾದರೆ ಕುಣಿಕೆ ಹಲ್ಲಿನ ತುದಿಯಲ್ಲಷ್ಟೇ ನಿಲ್ಲುತ್ತದೆ, ಜಾರಿದರೆ ಲಿವರ್ ಹಾರುತ್ತದೆ. ನನ್ನ ಏಣಿಯಲ್ಲಿ ನಡುವಿನ ತಳವೇ ಇಲ್ಲ, ಎರಡು ಪಕ್ಕದ ಗೋಡೆಗಳಲ್ಲಿ ಮಾತ್ರ 9 ಮಿಲಿಮೀಟರ್ ಅಂತರದಲ್ಲಿ ಐದೈದು ಕೊಕ್ಕೆಗಳಿವೆ; ಕುಣಿಕೆ ಕೂರುವಾಗ ಹಿಮವನ್ನು ತಾನೇ ಕೆಳಗೆ ತಳ್ಳುತ್ತದೆ. ಫ್ರೀಜರಿನಿಂದ ಕೆರೆದ ಮಂಜನ್ನು ಬೆರಳಿನಿಂದ ಒತ್ತಿ ತುಂಬಿ ನೋಡಿದ್ದೇನೆ, ಒಂದೇ ಎಳೆತಕ್ಕೆ ಅದು ಅಕ್ಕಿ ನುಚ್ಚಿನಂತೆ ಎರಡೂ ಬದಿಗೆ ಉದುರಿತು.

ಕತ್ತರಿಸಿದ ಹಾಳೆಯ ಅಂಚು ಚೂಪಾಗಿದ್ದು ಕೈಗವಸು ಹರಿಯುತ್ತದೆ ಎಂಬ ದೂರು ಬಂದಾಗ ಊರಿನ ಪದ್ಧತಿಯನ್ನೇ ಪ್ರಯೋಗಿಸಿದೆ. ಪರಿಚಯದ ಜೀನ್ಸ್ ವಾಷಿಂಗ್ ಘಟಕದ ಹಳೆಯ ಡ್ರಮ್ಮಿನಲ್ಲಿ, ಪ್ಯಾಂಟಿನ ಬಣ್ಣ ಸವೆಸುವ ಪ್ಯೂಮಿಸ್ ಕಲ್ಲಿನ ಜೊತೆ 200 ಲಿವರ್‌ಗಳನ್ನು ನಾಲ್ಕು ಗಂಟೆ ತಿರುಗಿಸಿದೆವು. ಹೊಳಪು ಬಂತು, ಅಂಚು ಮಾತ್ರ ಹಾಗೆಯೇ ಉಳಿಯಿತು. ಕಲ್ಲು ನೀರಿನ ಮೇಲೆ ತೇಲುವಷ್ಟು ಹಗುರವಾದ್ದರಿಂದ ಉಕ್ಕಿಗೆ ಅದರ ಪೆಟ್ಟು ಸಾಲದು. ಈಗ ಸೆರಾಮಿಕ್ ಹರಳು ಬಳಸುತ್ತೇನೆ. ಅದೇ ಘಟಕದವರು ತಮ್ಮ ಯಂತ್ರದ ಮುಚ್ಚಳಕ್ಕೂ ನನ್ನ ಬಕಲ್ ಬೇಕೆಂದು ಎಂಟು ಕೊಂಡು ಹಾಕಿಸಿದರು, ಬ್ಲೀಚಿನ ಕ್ಲೋರಿನ್ ಮೂರು ತಿಂಗಳಲ್ಲಿ ಅವುಗಳ ಮೈಯಲ್ಲಿ ಸೂಜಿ ಚುಚ್ಚಿದಂತೆ ತೂತು ಮಾಡಿತು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಬೂಟಿಗೆ ಕೂರಿಸುವ ಕೆಲಸದಲ್ಲಿ ರಿವೆಟ್ ಬಡಿಯುವುದನ್ನು ಬಿಟ್ಟು ಒಳಗಿನಿಂದ ಅಗಲ ತಲೆಯ ಟಿ-ನಟ್ಟು, ಹೊರಗಿನಿಂದ ಸ್ಕ್ರೂ ಕೊಡುತ್ತೇನೆ; ಸ್ಕ್ರೂಡ್ರೈವರ್ ಇದ್ದ ಹುಡುಗ ಹತ್ತು ನಿಮಿಷದಲ್ಲಿ ಬದಲಿಸಬಹುದು. ನಟ್ಟಿನ ತಲೆ ಒಳಮೈಗೆ ಸಮವಾಗಿ ಕೂರದಿದ್ದರೆ ಒಳಬೂಟಿನ ಮೂಲಕ ಪಾದದ ಮೂಳೆಗೆ ಒತ್ತಿ ಒಂದು ಗಂಟೆಯಲ್ಲಿ ನೋವು ಹಿಡಿಸುತ್ತದೆ ಎಂಬುದನ್ನು ಕೂರಿಸುವವರು ಮರೆಯಬಾರದು. ಕಂಪನಿಗೊಂದು ರೀತಿ ತೂತಿನ ಅಂತರ ಇರುವುದರಿಂದ ನನ್ನ ತಳಪಟ್ಟಿಯಲ್ಲಿ ಉದ್ದ ಸೀಳು ಇದೆ, ಪಟ್ಟಿ 1 ಮಿಲಿಮೀಟರ್ ತೆಳುವಾದ್ದರಿಂದ ಪಾದದ ಉಬ್ಬಿಗೂ ಕಣಕಾಲಿನ ಚಪ್ಪಟೆಗೂ ಒಂದೇ ತುಂಡು ಹೊಂದುತ್ತದೆ. ಎರಡು ಟೂಲಿನ ಖರ್ಚು ಒಂದಕ್ಕೆ ಇಳಿದದ್ದು ಇದರಿಂದಲೇ.

ಒಟ್ಟು ಸುಮಾರು ಆರೂವರೆ ಲಕ್ಷ ಸುರಿದಿದ್ದೇನೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಮಾಕ್ ಮತ್ತು ಅಲ್ಯೂಮಿನಿಯಂ ಕಾಲದ್ದು. ಈಗ ಏಣಿ, ಲಿವರ್, ಕುಣಿಕೆ, ಸ್ಕ್ರೂ ಸೇರಿ ಒಂದು ಜೋಡಣೆಗೆ 95 ರೂಪಾಯಿಯ ಆಸುಪಾಸು ಅಸಲು ಬೀಳುತ್ತದೆ, 170ಕ್ಕೆ ಕೊಡುತ್ತೇನೆ. ಹಾಕಿದ ಹಣ ಇನ್ನೂ ಹಿಂತಿರುಗಿಲ್ಲ, ಆದರೆ ಈ ವರ್ಷ ಮನಾಲಿಯ ಕಡೆಯಿಂದಲೂ 300ಕ್ಕೆ ಮುಂಗಡ ಬಂದಿದೆ. 'ಜೀನ್ಸ್ ಗುಂಡಿ ಮಾಡುವವರಿಂದ ಇದು ಆಗದು' ಎಂದು ಮೊದಲ ವರ್ಷ ಫೋನ್ ಇಟ್ಟಿದ್ದ ಅಂಗಡಿಯವರೂ ಅದರಲ್ಲಿ ಸೇರಿದ್ದಾರೆ.

ಹಿಂತಿರುಗಿದ ಹನ್ನೊಂದರಲ್ಲಿ ನನ್ನ ತಪ್ಪಿನ ನಾಲ್ಕರಲ್ಲಿಯೂ ಬುಷ್ ಒಂದು ಬದಿಗೆ ಸವೆದು ಲಿವರ್ ಓಲಾಡುತ್ತಿತ್ತು. ಆ ಕಂತಿನಲ್ಲಿ ಬುಷ್‌ನ ಗೋಡೆಯನ್ನು 1 ಮಿಲಿಮೀಟರ್‌ನಿಂದ 0.7ಕ್ಕೆ ಇಳಿಸಿ ತುಂಡಿಗೆ ಅರ್ಧ ರೂಪಾಯಿ ಉಳಿಸಿದ್ದೆ. ಗೋಡೆಯನ್ನು 1.2ಕ್ಕೆ ಏರಿಸಿದ ನಾಲ್ಕು ಲಿವರ್‌ಗಳು ಈಗ ಸರದಿಯಂತೆ ಯಂತ್ರ ಏರುತ್ತಿವೆ. ನಿನ್ನೆ ರಾತ್ರಿ ಶೆಡ್ಡಿನ ಬಾಗಿಲು ಹಾಕುವಾಗ ಮೂರನೆಯದರ ಎಣಿಕೆ 31,000 ದಾಟಿತ್ತು, ಲಿವರಿನಲ್ಲಿ ಓಲಾಟ ಇರಲಿಲ್ಲ.