ಬ್ಯಾರಲ್‌ನ ಸೊಳ್ಳೆಯಿಂದ 21ರ ಶಿಖರದವರೆಗೆ: ಡೆಂಗ್ಯೂ ಸೊಳ್ಳೆಯ ಕಿರು ಆರ್‌ಎನ್‌ಎ ತೆಗೆದು ಓದುವ ಕ್ರಮ

ಡೆಂಗ್ಯೂ ವೈರಸ್ಸಿನ ಜೀನೋಮ್ ಅಂದರೆ ಸುಮಾರು 10,700 ನ್ಯೂಕ್ಲಿಯೊಟೈಡ್‌ಗಳ ಒಂಟಿ ಎಳೆ. ಇಲ್ಲಿ ಒಂದು ನ್ಯೂಕ್ಲಿಯೊಟೈಡನ್ನು ಒಂದು ಅಕ್ಷರ ಎಂದೇ ಕರೆಯೋಣ. ಈಡಿಸ್ ಈಜಿಪ್ಟೈ ಸೊಳ್ಳೆಯ ಜೀವಕೋಶದೊಳಗೆ ವೈರಸ್ ತನ್ನ ಪ್ರತಿ ತೆಗೆಯುವಾಗ ಆ ಎಳೆ ಕೆಲಹೊತ್ತು ಜೋಡಿಯಾಗುತ್ತದೆ. ಸಿಕ್ಕಿಬೀಳುವುದು ಅಲ್ಲೇ. ಡೈಸರ್-2 ಎಂಬ ಕಿಣ್ವ ಜೋಡಿ ಎಳೆಯನ್ನು ಅಳತೆ ಹಿಡಿದಂತೆ 21 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್-2 ಪ್ರೊಟೀನು ಅಂಥ ಒಂದು ತುಂಡನ್ನು ಗುರುತುಚೀಟಿಯಂತೆ ಹಿಡಿದು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎ ಎಲ್ಲಿ ಕಂಡರೂ ಸೀಳುತ್ತದೆ. ಈ 21 ಅಕ್ಷರದ ತುಂಡುಗಳೇ ಎಸ್‌ಐ-ಆರ್‌ಎನ್‌ಎಗಳು. ಡೈಸರ್-2 ಅಥವಾ ಆರ್ಗೊನಾಟ್-2 ಅನ್ನು ಪ್ರಯೋಗದಲ್ಲಿ ತಗ್ಗಿಸಿದರೆ ಸೊಳ್ಳೆಯಲ್ಲಿ ವೈರಸ್ ಹೆಚ್ಚುತ್ತದೆ, ಜೊಲ್ಲಿಗೆ ತಲುಪಲು ಬೇಕಾಗುವ ದಿನಗಳೂ ಕಡಿಮೆಯಾಗುತ್ತವೆ.

ಕಿರು ಆರ್‌ಎನ್‌ಎಗಳಲ್ಲಿ ಇನ್ನೆರಡು ಬಗೆಗಳಿವೆ. 24ರಿಂದ 30 ಅಕ್ಷರದ ಪಿವಿ-ಆರ್‌ಎನ್‌ಎಗಳು ಡೈಸರ್ ಇಲ್ಲದೆಯೇ ಹುಟ್ಟುತ್ತವೆ. ಸುಮಾರು 22 ಅಕ್ಷರದ ಮೈಕ್ರೊ-ಆರ್‌ಎನ್‌ಎಗಳು ಸೊಳ್ಳೆಯ ಸ್ವಂತ ಜೀನುಗಳಿಂದ ಡೈಸರ್-1ರ ಮೂಲಕ ಬರುತ್ತವೆ. ಅವುಗಳಲ್ಲಿ ಕೆಲವು ವೈರಸ್ಸಿಗೆ ಅಡ್ಡಿ, ಕೆಲವು ನೆರವು. ವೈರಸ್ಸೂ ಸುಮ್ಮನಿಲ್ಲ. ತನ್ನ ಬಾಲದ ತುದಿಯಿಂದ ಕರಗದೆ ಉಳಿಯುವ ಒಂದು ತುಂಡು ಆರ್‌ಎನ್‌ಎಯನ್ನು ಬಿಟ್ಟು ಈ ಕತ್ತರಿ ಯಂತ್ರವನ್ನು ಗೊಂದಲಕ್ಕೆ ಕೆಡವುತ್ತದೆ.

ಇದನ್ನೆಲ್ಲ ನೋಡುವ ದಾರಿ ಒಂದೇ: ಸೊಳ್ಳೆಯಿಂದ ಕಿರು ಆರ್‌ಎನ್‌ಎ ತೆಗೆದು, ಅದರ ಅಕ್ಷರಗಳ ಕ್ರಮವನ್ನು ಯಂತ್ರದಲ್ಲಿ ಓದಿಸಿ, ಯಾವ ಉದ್ದದವು ಎಷ್ಟಿವೆ ಎಂದು ನಕ್ಷೆ ಬಿಡಿಸುವುದು. ಆ ನಕ್ಷೆಯಲ್ಲಿ 21ರ ಶಿಖರ ನಿಜವೋ ಸುಳ್ಳೋ ಎನ್ನುವುದು ಕಂಪ್ಯೂಟರಿನ ಮುಂದೆ ನಿರ್ಧಾರವಾಗುವುದಿಲ್ಲ. ಸೊಳ್ಳೆ ಸತ್ತ ಮೊದಲ ಕೆಲವು ನಿಮಿಷಗಳಲ್ಲೇ ನಿರ್ಧಾರವಾಗಿರುತ್ತದೆ.

ಮೊದಲೇ ಒಂದು ಮಾತು. ಸೊಳ್ಳೆಗೆ ಡೆಂಗ್ಯೂ ಸೋಂಕಿತ ರಕ್ತ ಕುಡಿಸುವ ಪ್ರಯೋಗ ಕಾಲೇಜಿನ ಪ್ರಯೋಗಾಲಯದ ಕೆಲಸವಲ್ಲ. ಅದಕ್ಕೆ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ, ಜೋಡಿ ಬಾಗಿಲಿನ ಸೊಳ್ಳೆ ಕೋಣೆ, ತರಬೇತಿ ಎಲ್ಲವೂ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನಂಥ ಕಡೆ ಸಹಯೋಗ ಹುಡುಕುವುದು ಸರಿ. ಕಲಬುರಗಿ ಅಥವಾ ಬೀದರಿನಲ್ಲಿ ಕೂತು ಮಾಡಬಹುದಾದದ್ದು ಸ್ಥಳೀಯ ಸೊಳ್ಳೆಯನ್ನು ಹಿಡಿದು ಸಾಕಿ, ಅದರ ಕಿರು ಆರ್‌ಎನ್‌ಎ ಸಂಪತ್ತನ್ನು ಓದುವುದು. ಅದೇನೂ ಸಣ್ಣ ಕೆಲಸವಲ್ಲ.

ಎಲ್ಲಿ ಹುಡುಕಬೇಕು

ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಪ್ಲಾಸ್ಟಿಕ್ ಬ್ಯಾರಲ್, ಸಿಮೆಂಟ್ ನೀರಿನ ತೊಟ್ಟಿ, ರಂಜಣಿಗೆ ಇವೇ ಮುಖ್ಯ ತಾಣಗಳು. ನಮ್ಮ ಭಾಗದ ವಿಶೇಷ ಕೂಲರ್. ಬೇಸಿಗೆಯಿಡೀ ಓಡಿದ ಕೂಲರ್ ಜೂನಿನ ಮಳೆ ಬಿದ್ದ ಮೇಲೆ ಮೂಲೆ ಸೇರುತ್ತದೆ, ತಳದ ನೀರು ಮಾತ್ರ ಹಾಗೇ ಉಳಿಯುತ್ತದೆ. ಲಾರ್ವಾ ಹಿಡಿಯುವುದಕ್ಕಿಂತ ಮೊಟ್ಟೆ ಹಿಡಿಯುವುದು ಮೇಲು: ವಯಸ್ಸು ಗೊತ್ತಿರುತ್ತದೆ. ಅರ್ಧ ಲೀಟರಿನ ಕಪ್ಪು ಡಬ್ಬಿಗೆ ಅರ್ಧದಷ್ಟು ನೀರು, ಅದರಲ್ಲಿ ಒಂದು ಹಿಡಿ ಒಣಹುಲ್ಲು ನೆನೆಸಿದ ನೀರು ಸ್ವಲ್ಪ, ಒಳಸುತ್ತು ಒರಟು ಕಾಗದ ಅಥವಾ ಕಾಟನ್ ಬಟ್ಟೆಯ ಪಟ್ಟಿ. ನೆರಳಲ್ಲಿ, ನೆಲಕ್ಕೆ ಹತ್ತಿರ ಇಡಿ. ಐದನೇ ದಿನಕ್ಕೆ ತೆಗೆಯಿರಿ. ವಾರ ಮೀರಿದರೆ ನೀವೇ ಆ ಮನೆಗೆ ಸೊಳ್ಳೆ ಸಾಕಿಕೊಟ್ಟಂತೆ. ಮನೆಯವರಿಗೂ ಓಣಿಯ ಆಶಾ ಕಾರ್ಯಕರ್ತೆಗೂ ಮುಂಚೆ ತಿಳಿಸಿ, ಇಲ್ಲದಿದ್ದರೆ ಲಾರ್ವಾ ಸಮೀಕ್ಷೆಗೆ ಬಂದವರು ಡಬ್ಬಿಯನ್ನು ಚರಂಡಿಗೆ ಚೆಲ್ಲಿ ಹೋಗುತ್ತಾರೆ, ತಪ್ಪು ಅವರದಲ್ಲ.

ಪಟ್ಟಿಯನ್ನು ತಕ್ಷಣ ಒಣಗಿಸಬೇಡಿ. ಮೊಟ್ಟೆಯೊಳಗೆ ಭ್ರೂಣ ಬಲಿಯಲು ಎರಡು ಮೂರು ದಿನ ತೇವ ಬೇಕು. ಬೇಸಿಗೆಯ ಒಣಗಾಳಿಗೆ ಹಸಿ ಪಟ್ಟಿ ಬಿಟ್ಟರೆ ಮೊಟ್ಟೆಗಳು ಗುಳಿಬಿದ್ದು ಚಪ್ಪಟೆಯಾಗುತ್ತವೆ. ಒದ್ದೆ ಹತ್ತಿಯಿರುವ ಮುಚ್ಚಿದ ಡಬ್ಬಿಯಲ್ಲಿ ಮೂರು ದಿನ ಇಟ್ಟು ಆಮೇಲೆ ಒಣಗಿಸಿ.

ಸಾಕುವುದು

ಮೊಟ್ಟೆ ಒಡೆಯಲು ಕುದಿಸಿ ಮುಚ್ಚಿ ಆರಿಸಿದ ನೀರು ಒಳ್ಳೆಯದು, ಆಮ್ಲಜನಕ ಕಡಿಮೆಯಿದ್ದರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಒಂದೂವರೆ ಲೀಟರ್ ನೀರಿನ ಟ್ರೇಗೆ 200 ಲಾರ್ವಾ ಸಾಕು. ಮೀನಿನ ಆಹಾರವನ್ನು ಪುಡಿ ಮಾಡಿ ಚಿಟಿಕೆ ಚಿಟಿಕೆ ಹಾಕಿ; ನೀರಿನ ಮೇಲೆ ಬಿಳಿ ಪೊರೆ ಬಂದರೆ ಊಟ ಜಾಸ್ತಿಯಾಯಿತು ಎಂದರ್ಥ. 28 ಡಿಗ್ರಿ ಸೆಲ್ಸಿಯಸ್, 70ರಿಂದ 80 ಶೇಕಡಾ ತೇವ. ಕ್ಲೋರಿನ್ ಇರುವ ನಳದ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ. ಬಲಿತ ಸೊಳ್ಳೆಗೆ ಶೇ 10ರ ಸಕ್ಕರೆ ನೀರು.

ಉಷ್ಣತೆಯನ್ನು ಹಗುರವಾಗಿ ನೋಡಬೇಡಿ. 18 ಡಿಗ್ರಿಯಲ್ಲಿ ಬೆಳೆದ ಈಡಿಸ್ ಈಜಿಪ್ಟೈಯಲ್ಲಿ ಈ ಕತ್ತರಿ ಯಂತ್ರ ಸರಿಯಾಗಿ ನಡೆಯುವುದಿಲ್ಲ ಎಂದು ತೋರಿಸಲಾಗಿದೆ. ಡಿಸೆಂಬರಿನಲ್ಲಿ ಬೀದರಿನ ರಾತ್ರಿ ಚಳಿಗೆ ಟ್ರೇಗಳನ್ನು ಕಿಟಕಿ ಪಕ್ಕ ಬಿಟ್ಟು, ಮೇ ತಿಂಗಳ ತಂಡದೊಂದಿಗೆ ಹೋಲಿಸಿದರೆ ನೀವು ಅಳೆದದ್ದು ಸೊಳ್ಳೆಯನ್ನಲ್ಲ, ಹವಾಮಾನವನ್ನು. ಇನ್‌ಕ್ಯುಬೇಟರ್ ಇರಲೇಬೇಕು.

ಹೊರಬಂದ ಪ್ರತಿ ಸೊಳ್ಳೆಯ ಬೆನ್ನು ನೋಡಿ. ವೀಣೆಯ ಬದಿಯಂತೆ ಎರಡು ಬಾಗಿದ ಬಿಳಿಗೆರೆ ಇದ್ದರೆ ಈಜಿಪ್ಟೈ, ನಡುವೆ ಒಂದೇ ಗೆರೆಯಾದರೆ ಆಲ್ಬೊಪಿಕ್ಟಸ್. ಯಾದಗಿರಿ ಗುಡ್ಡದಂಥ ಬಂಡೆಗಳ ಗುಂಡಿನೀರಿನ ಬಳಿ ಡಬ್ಬಿ ಇಟ್ಟರೆ ಬೆನ್ನ ಮೇಲೆ ಬಿಳಿಚುಕ್ಕೆಯ ವಿಟ್ಟೇಟಸ್ ಕೂಡ ಬರಬಹುದು. ಒಂದು ತಪ್ಪು ಸೊಳ್ಳೆ ಸೇರಿದರೂ ಇಡೀ ಕೊಳವೆ ವ್ಯರ್ಥ.

ಆರ್‌ಎನ್‌ಎ ತೆಗೆಯುವುದು

ಮೂರರಿಂದ ಐದು ದಿನ ವಯಸ್ಸಿನ, ರಕ್ತ ಕುಡಿಯದ ಹೆಣ್ಣುಗಳನ್ನು ಆರಿಸಿ. ಮಂಜುಗಡ್ಡೆಯ ಮೇಲೆ ಮಂಕು ಮಾಡಿ, ತಣ್ಣನೆಯ ಲವಣ ದ್ರಾವಣದಲ್ಲಿ ನಡುಗರುಳನ್ನು ಎಳೆದು ತೆಗೆಯಿರಿ. ಒಂದಕ್ಕೆ ಎರಡು ನಿಮಿಷ ಮೀರಬಾರದು. ಕರುಳನ್ನೂ ಉಳಿದ ದೇಹವನ್ನೂ ಬೇರೆ ಕೊಳವೆಗೆ ಹಾಕಲು ಕಾರಣವಿದೆ. ಡೈಸರ್-2ಕ್ಕೆ ಜೊತೆಯಾಗುವ ಲಾಕ್ಸ್-2 ಎಂಬ ಪ್ರೊಟೀನು ಈಜಿಪ್ಟೈಯ ನಡುಗರುಳಿನಲ್ಲಿ ತಯಾರಾಗುವುದಿಲ್ಲ. ಹೀಗಾಗಿ ವೈರಸ್ ಮೊದಲು ಕಾಲಿಡುವ ಜಾಗದಲ್ಲೇ ಕಾವಲು ಸಡಿಲ. ಪ್ರಯೋಗದಲ್ಲಿ ಅಲ್ಲಿಗೆ ಲಾಕ್ಸ್-2 ತಂದುಕೊಟ್ಟಾಗ ಡೆಂಗ್ಯೂ ತಗ್ಗಿತು. 2018ರಲ್ಲಿ ಪ್ರಕಟವಾದ ಕೆಲಸ ಅದು. ಇಡೀ ಸೊಳ್ಳೆಯನ್ನು ಅರೆದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಐದು ದೇಹಗಳಿಗೆ 500 ಮೈಕ್ರೊಲೀಟರ್ ಟ್ರೈಜಾಲ್ (ಜೀವಕೋಶ ಒಡೆಯುವ ಫೀನಾಲ್ ದ್ರಾವಣ). ಚೆನ್ನಾಗಿ ಅರೆದು ಐದು ನಿಮಿಷ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ 4 ಡಿಗ್ರಿಯಲ್ಲಿ 12,000 ಜಿಯಲ್ಲಿ (ಗುರುತ್ವದ 12,000 ಪಟ್ಟು) 10 ನಿಮಿಷ ತಿರುಗಿಸಿ ಚಿಪ್ಪಿನ ಚೂರು ಕೆಳಗೆ ಬಿಡಿ. ಮೇಲಿನದಕ್ಕೆ 100 ಮೈಕ್ರೊಲೀಟರ್ ಕ್ಲೋರೋಫಾರ್ಮ್, 15 ಸೆಕೆಂಡು ಕುಲುಕಿ, ಮೂರು ನಿಮಿಷ ಬಿಟ್ಟು, ಅದೇ ವೇಗದಲ್ಲಿ 15 ನಿಮಿಷ. ಮೇಲಿನ ತಿಳಿಯಲ್ಲಿ 200 ಮೈಕ್ರೊಲೀಟರ್ ಮಾತ್ರ ತೆಗೆಯಿರಿ. ಕೊನೆಯ ಹನಿಗೆ ಆಸೆಪಟ್ಟರೆ ಫೀನಾಲ್ ಜೊತೆಗೇ ಬರುತ್ತದೆ. 20 ಮೈಕ್ರೊಗ್ರಾಂ ಗ್ಲೈಕೋಜನ್, 250 ಮೈಕ್ರೊಲೀಟರ್ ಐಸೊಪ್ರೊಪನಾಲ್ ಸೇರಿಸಿ ಮೈನಸ್ 20ರಲ್ಲಿ ರಾತ್ರಿಯಿಡೀ ಇಡಿ. ಕಿರು ಆರ್‌ಎನ್‌ಎ ಹತ್ತು ನಿಮಿಷದಲ್ಲಿ ತಳ ಸೇರುವುದಿಲ್ಲ. ಮಾರನೇ ದಿನ 30 ನಿಮಿಷ ತಿರುಗಿಸಿ, ಶೇ 80ರ ಎಥನಾಲ್‌ನಲ್ಲಿ ತೊಳೆದು, 15 ಮೈಕ್ರೊಲೀಟರ್ ಶುದ್ಧ ನೀರಲ್ಲಿ ಕರಗಿಸಿ.

ಪುಸ್ತಕದಲ್ಲಿ ‘ಕೋಣೆಯ ಉಷ್ಣತೆ’ ಎಂದಿದ್ದರೆ ಅದು 20ರಿಂದ 25 ಡಿಗ್ರಿ, ಮೇ ತಿಂಗಳ ಕಲಬುರಗಿಯ ಕೋಣೆಯಲ್ಲ. ಎಥನಾಲ್ ಆರಲು ಐದು ನಿಮಿಷ ಎಂದು ಬರೆದದ್ದು ಇಲ್ಲಿ ಎರಡೇ ನಿಮಿಷದಲ್ಲಿ ಮುಗಿದಿರುತ್ತದೆ, ಅತಿ ಒಣಗಿದ ಉಂಡೆ ಮತ್ತೆ ಕರಗುವುದಿಲ್ಲ. ಎಸಿ ಇಲ್ಲದಿದ್ದರೆ ಬೆಳಗಿನ ಜಾವ ಕೆಲಸ ಮಾಡಿ.

ಸಾಮಾನ್ಯ ಸಿಲಿಕಾ ಕಾಲಂಗಳನ್ನು ಬಳಸಲೇಬೇಡಿ. 200 ಅಕ್ಷರಕ್ಕಿಂತ ಚಿಕ್ಕದ್ದೆಲ್ಲ ಅದರಲ್ಲಿ ತೊಳೆದುಹೋಗುತ್ತದೆ, ನಿಮಗೆ ಬೇಕಾದದ್ದೇ ಅದು. ಹಳ್ಳಿಯಿಂದ ಮಾದರಿ ತರುವಾಗ ಆರ್‌ಎನ್‌ಎ ಕಾಯುವ ಲವಣ ದ್ರಾವಣ ಬಳಸುವುದಾದರೆ ಸೊಳ್ಳೆಯ ಹೊಟ್ಟೆಗೆ ಸೂಜಿಯಿಂದ ಚುಚ್ಚಿ. ಮೇಣದ ಹೊರಕವಚದಿಂದಾಗಿ ಇಡೀ ಸೊಳ್ಳೆ ಮೇಲೆ ತೇಲುತ್ತದೆ, ಒಳಗೆ ಕೊಳೆಯುತ್ತದೆ. ಬಲೆಯಲ್ಲಿ ಸತ್ತು ಒಣಗಿದ್ದನ್ನು ಎಸೆಯಿರಿ.

ಗುಣಮಟ್ಟ ಪರೀಕ್ಷೆಯ ವರದಿ ಕಂಡು ಗಾಬರಿಯಾಗಬೇಡಿ. ಕೀಟಗಳ ರೈಬೊಸೋಮಿನ 28ಎಸ್ ಆರ್‌ಎನ್‌ಎ ಕಾಯಿಸಿದಾಗ ನಡುವೆ ಎರಡಾಗಿ ಬೇರ್ಪಟ್ಟು, ಅದಕ್ಕಿಂತ ಚಿಕ್ಕದಾದ 18ಎಸ್ ಆರ್‌ಎನ್‌ಎಯ ಜಾಗದಲ್ಲೇ ಕಾಣಿಸುತ್ತದೆ. ಯಂತ್ರ ಅದನ್ನು ಕೊಳೆತದ್ದೆಂದು ಭಾವಿಸಿ ಕಡಿಮೆ ಅಂಕ ಕೊಡುತ್ತದೆ. ಒಂದೇ ಚೂಪಾದ ಶಿಖರ, ಕೆಳಗೆ ಸಪಾಟು ಇದ್ದರೆ ಮಾದರಿ ಚೆನ್ನಾಗಿದೆ.

ಲೈಬ್ರರಿ

ಓದಿಸುವ ಮುನ್ನ ಪ್ರತಿ ತುಂಡಿನ ಎರಡೂ ತುದಿಗೆ ಅಡಾಪ್ಟರ್ ಎಂಬ ಗೊತ್ತಿರುವ ಅಕ್ಷರಸರ ಜೋಡಿಸಬೇಕು; ಹಾಗೆ ಸಿದ್ಧವಾದ ಸಂಗ್ರಹವೇ ಲೈಬ್ರರಿ. ಇಲ್ಲಿ ಒಂದು ಗುಟ್ಟು ಗೊತ್ತಿರಬೇಕು. ಸೊಳ್ಳೆಯ ಎಸ್‌ಐ ಮತ್ತು ಪಿವಿ-ಆರ್‌ಎನ್‌ಎಗಳ 3' ತುದಿಗೆ ಮೀಥೈಲ್ ಗುಂಪು ಅಂಟಿರುತ್ತದೆ, ಮೈಕ್ರೊ-ಆರ್‌ಎನ್‌ಎಗಳಿಗೆ ಬಹುತೇಕ ಇರುವುದಿಲ್ಲ. ಅಡಾಪ್ಟರ್ ಜೋಡಿಸುವ ಕಿಣ್ವಕ್ಕೆ ಆ ತುದಿ ಒಗ್ಗುವುದಿಲ್ಲ. ಕಿಟ್‌ನಲ್ಲಿ 25 ಡಿಗ್ರಿಯಲ್ಲಿ ಒಂದು ಗಂಟೆ ಎಂದಿದ್ದರೆ ಅದು ಮೈಕ್ರೊ-ಆರ್‌ಎನ್‌ಎಗೆ ಸರಿ. ನಮಗೆ 16 ಡಿಗ್ರಿಯಲ್ಲಿ 18 ಗಂಟೆ. ಇಲ್ಲದಿದ್ದರೆ ಮೈಕ್ರೊ-ಆರ್‌ಎನ್‌ಎ ಎಲ್ಲ ಜಾಗ ನುಂಗಿ ವೈರಸ್ ತುಂಡುಗಳು ಕಾಣೆಯಾಗುತ್ತವೆ. ಪಿಸಿಆರ್ 12ರಿಂದ 15 ಸುತ್ತು. ಶೇ 6ರ ಅಕ್ರಿಲಮೈಡ್ ಜೆಲ್‌ನಲ್ಲಿ 140ರಿಂದ 160 ಅಕ್ಷರ ಉದ್ದದ ಪಟ್ಟಿ ಕತ್ತರಿಸಿ. 120ರ ಆಸುಪಾಸಿನದು ಖಾಲಿ ಅಡಾಪ್ಟರ್ ಜೋಡಿ. ಮಾದರಿಯೊಂದಕ್ಕೆ ಒಂದರಿಂದ ಎರಡು ಕೋಟಿ ಓದು ಕೇಳಿ, ಎರಡೂ ತುದಿಗೆ ಬೇರೆ ಬೇರೆ ಸೂಚ್ಯಂಕ (ಯಾವ ಮಾದರಿ ಎಂದು ಗುರುತಿಸುವ ಅಕ್ಷರಸರ) ಹಾಕಿಸಿ. ಓದಿಸಲು ಹೈದರಾಬಾದಿಗೆ ಡ್ರೈ ಐಸ್‌ನಲ್ಲಿ ಕಳಿಸುವಾಗ ಡಬ್ಬಿಯನ್ನು ಗಾಳಿಯಾಡದಂತೆ ಬಿಗಿಯಬಾರದು, ಆವಿಯ ಒತ್ತಡಕ್ಕೆ ಸಿಡಿಯುತ್ತದೆ.

ನಕ್ಷೆ ಓದುವುದು

ಕಟ್‌ಅಡಾಪ್ಟ್ ಎಂಬ ತಂತ್ರಾಂಶದಿಂದ ಅಡಾಪ್ಟರ್ ತೆಗೆದು 18ರಿಂದ 32 ಉದ್ದದವನ್ನು ಉಳಿಸಿಕೊಳ್ಳಿ. ಬೋಟೈ ಎಂಬ ಹೊಂದಿಸುವ ತಂತ್ರಾಂಶದಲ್ಲಿ ಒಂದೇ ತಪ್ಪಿಗೆ ಅವಕಾಶ ಕೊಟ್ಟು ಸೊಳ್ಳೆಯ ಜೀನೋಮಿಗೂ ವೈರಸ್‌ಗಳಿಗೂ ಹೊಂದಿಸಿ. ಡೆಂಗ್ಯೂವಿನ ನಾಲ್ಕೂ ಸಿರೊಟೈಪ್ (ಉಪಬಗೆ) ಕೊಡಿ. ಅವುಗಳ ನಡುವೆ ಅಂತರ ಎಷ್ಟೆಂದರೆ, ತಪ್ಪು ಸಿರೊಟೈಪಿಗೆ ಹೊಂದಿಸಿದರೆ 21 ಅಕ್ಷರದ ತುಂಡುಗಳಲ್ಲಿ ಬಹುಪಾಲು ಬಿದ್ದುಹೋಗುತ್ತವೆ.

ನಿಜವಾದ ಎಸ್‌ಐ-ಆರ್‌ಎನ್‌ಎಗೆ ಎರಡು ಗುರುತು: 21ರಲ್ಲಿ ಚೂಪು ಶಿಖರ, ವೈರಸ್ಸಿನ ಎರಡೂ ಎಳೆಯಿಂದ ಹೆಚ್ಚುಕಡಿಮೆ ಸಮನಾಗಿ ಬಂದದ್ದು. 18ರಿಂದ 32ರವರೆಗೆ ಇಳಿಜಾರಿನಂತೆ ಹರಡಿ, ಒಂದೇ ಎಳೆಯದ್ದಾದರೆ ಅದು ಕೊಳೆತ ಆರ್‌ಎನ್‌ಎ, ಎಷ್ಟೇ ಲಕ್ಷ ಓದು ಇದ್ದರೂ. ಪಿವಿ ಎಂದು ಹೇಳಲು 24ರಿಂದ 30ರ ಗುಡ್ಡ ಸಾಲದು. ಒಂದು ಎಳೆಯಲ್ಲಿ ಮೊದಲ ಅಕ್ಷರ ಯು, ಎದುರೆಳೆಯಲ್ಲಿ ಹತ್ತನೆಯದು ಎ, ಎರಡೂ ಹತ್ತಕ್ಷರ ಒಂದರ ಮೇಲೊಂದು ಕೂಡಬೇಕು.

ಪ್ರಯೋಗಾಲಯದಲ್ಲಿ ಸಾಕುವ ಸಿ6/36 ಎಂಬ ಸೊಳ್ಳೆ ಜೀವಕೋಶದಲ್ಲಿ ಡೆಂಗ್ಯೂ ಬೆಳೆಸಿ 21ರ ಶಿಖರ ಹುಡುಕುವವರು ಈಗಲೂ ಇದ್ದಾರೆ. ಆ ಕೋಶದ ಡೈಸರ್-2 ಕೆಟ್ಟಿದೆ, ಶಿಖರ ಬರುವುದೇ ಇಲ್ಲ. ಅಂಥದ್ದೇ ಇನ್ನೊಂದಾದ ಆಗ್-2 ಕೋಶದಲ್ಲಿ ಬರುತ್ತದೆ, ಆದರೆ ಅದರೊಳಗೆ ಕೀಟಗಳಿಗೇ ಸೀಮಿತವಾದ ವೈರಸ್‌ಗಳು ಮೊದಲೇ ಬೀಡುಬಿಟ್ಟಿರುತ್ತವೆ. ಹೊರಗಿನ ಸೊಳ್ಳೆಗಳಲ್ಲೂ ಅಂಥವು ಸಾಮಾನ್ಯ. ಬ್ಯಾರಲ್‌ನಿಂದ ಬಂದ ಸೊಳ್ಳೆಯಲ್ಲಿ ಡೆಂಗ್ಯೂ ಸಿಗದೆ ಈ ವೈರಸ್‌ಗಳ ಮೇಲೆ 21ರ ಶಿಖರ ಸಿಕ್ಕರೆ ಬೇಸರ ಬೇಡ, ಯಂತ್ರ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ವೈರಸ್ ಚೂರುಗಳು ಸೊಳ್ಳೆಯ ಜೀನೋಮಿನಲ್ಲೇ ಸೇರಿಕೊಂಡಿವೆ. ಅವುಗಳಿಂದ ಹುಟ್ಟುವ ಪಿವಿ-ಆರ್‌ಎನ್‌ಎಯನ್ನು ಹೊಸ ಸೋಂಕೆಂದು ಎಣಿಸಬಾರದು. ಒಟ್ಟಿಗೆ ಯಂತ್ರದಲ್ಲಿ ಓದಿಸಿದ ಸೋಂಕಿತ ಮಾದರಿಯಿಂದ ಪಕ್ಕದ ಸೋಂಕಿಲ್ಲದ ಮಾದರಿಗೆ ಬೆರಳೆಣಿಕೆಯ ಓದುಗಳು ಸೋರುವುದೂ ಉಂಟು, ಜೋಡಿ ಸೂಚ್ಯಂಕ ಕೇಳಿದ್ದು ಅದಕ್ಕೇ.

ಕೆಲಸ ಮುಗಿದ ಟ್ರೇಗೆ ಕುದಿನೀರು ಹೊಯ್ದು ಆಮೇಲೆ ಚೆಲ್ಲಿ. ಮೊಟ್ಟೆಯ ಪಟ್ಟಿಗಳನ್ನು ಆಟೊಕ್ಲೇವ್ ಮಾಡಿ ಅಥವಾ ಸುಡಿ. ಒಣಗಿ ಕಪಾಟಿನಲ್ಲಿ ಬಿದ್ದ ಪಟ್ಟಿಯಲ್ಲಿ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮುಂದಿನ ಮಳೆಗಾಲದ ಸೋರುವ ಸೂರಿನಿಂದ ನಾಲ್ಕು ಹನಿ ಬಿದ್ದರೆ ಸಾಕು.