ಸರ್ವರ್ ಅರ್ಧ ಖಾಲಿ ಅಂದ್ಕೊಂಡಿದ್ದೆ

ತಿಂಗಳ ಕೊನೆಯ ಬಿಲ್ಲಿಂಗ್‌ಗೆ ಮುಂಚೆ ಮ್ಯಾನೇಜರ್ ಕೇಳಿದ್ದರು, 'ಇನ್ನೊಂದಿಷ್ಟು ಕೌಂಟರ್ ಸೇರಿಸಿದರೆ ಡೇಟಾಬೇಸ್ ತಡೆಯುತ್ತಾ?' ಸಿಪಿಯು ಎಷ್ಟು ದುಡಿಯುತ್ತಿದೆ ಅಂತ ತೋರಿಸುವ 'ಟಾಪ್' ಕಮಾಂಡ್ ಓಡಿಸಿ ನೋಡಿದೆ. ಸಿಪಿಯು 55%. 'ಹತ್ತಿರ ಹತ್ತಿರ ಅರ್ಧ ಖಾಲಿ ಇದೆ, ಸೇರಿಸಿ' ಅಂದೆ. ಮೊದಲ ದಿನವೇ ಬಿಲ್ ಸೇವ್ ಆಗದೆ ಜನ ಸಾಲಾಗಿ ನಿಂತರು.

ಡಿಸ್ಕ್ ನೋಡಿದೆ, ಲಾಕ್ ನೋಡಿದೆ, ಏನೂ ಸಿಗಲಿಲ್ಲ. ಸುಮ್ನೆ ಒಮ್ಮೆ, ಸಿಪಿಯು ವಿವರ ಕೊಡುವ ಎಲ್‌ಎಸ್‌ಸಿಪಿಯು ಕಮಾಂಡ್ ಓಡಿಸಿದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಪ್ರತಿ ಕೋರ್‌ಗೆ ಥ್ರೆಡ್ 2. ಲಿನಕ್ಸ್ ತೋರಿಸುತ್ತಿದ್ದದ್ದು 16 ಸಿಪಿಯು. ನಿಜವಾಗಿ ಇದ್ದದ್ದು 8 ಕೋರ್, ಅಂದರೆ ಲೆಕ್ಕ ಮಾಡುವ 8 ಘಟಕ. ಉಳಿದದ್ದು ಹೈಪರ್‌ಥ್ರೆಡಿಂಗ್ ಲೆಕ್ಕ: ಒಂದೇ ಕೋರ್ ಎರಡು ಕೆಲಸದ ಸಾಲು (ಥ್ರೆಡ್) ನಡೆಸುತ್ತಾ ಎರಡು ಸಿಪಿಯು ಥರ ಕಾಣಿಸುವುದು. ಇಂಟೆಲ್ ಇದನ್ನು ತನ್ನ ಸರ್ವರ್ ಚಿಪ್ ಝಿಯಾನ್‌ಗೆ ತಂದದ್ದು 2002ರಲ್ಲಿ. ನನಗೆ ಗೊತ್ತಿತ್ತು ಕೂಡ. ಟಾಪ್ ನೋಡುವಾಗ ಮಾತ್ರ ನೆನಪಾಗಲಿಲ್ಲ.

ಒಂದು ಕಾವಲಿಗೆ ಇಬ್ಬರು ದೋಸೆ ಭಟ್ಟರು ಅಂದ್ಕೊಳ್ಳಿ. ಕಾವಲಿ ಅಂದರೆ ಕೋರ್, ಭಟ್ಟರು ಅಂದರೆ ಥ್ರೆಡ್. ಒಬ್ಬ ಹಿಟ್ಟು ತರಲು ಒಳಗೆ ಹೋದಾಗ ಇನ್ನೊಬ್ಬ ಹುಯ್ಯುತ್ತಾನೆ. ಇಬ್ಬರ ಕೈಯಲ್ಲೂ ಹಿಟ್ಟಿದ್ದರೆ ಮೊಣಕೈ ತಾಗುತ್ತದೆ. ಬಿಲ್ಲಿಂಗ್‌ನ ಸಣ್ಣ ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಇಂಡೆಕ್ಸ್‌ನಲ್ಲಿ ಪುಟದಿಂದ ಪುಟಕ್ಕೆ ಹಾರುತ್ತವೆ. ಬೇಕಾದ್ದು ಕ್ಯಾಶ್‌ನಲ್ಲಿ, ಅಂದರೆ ಸಿಪಿಯು ಒಳಗಿನ ಪುಟ್ಟ ವೇಗದ ಮೆಮೊರಿಯಲ್ಲಿ, ಇರುವುದಿಲ್ಲ. ರ‍್ಯಾಮ್‌ನಿಂದ ಬರುವವರೆಗೆ ನೂರಾರು ಸೈಕಲ್ (ಸಿಪಿಯು ಗಡಿಯಾರದ ಟಿಕ್) ಕಾಯಬೇಕು. ಆ ಬಿಡುವಿನಲ್ಲಿ ಎರಡನೇ ಥ್ರೆಡ್ ಕೆಲಸ ಮಾಡುತ್ತದೆ. ಆದರೆ ಎಂಟು ಕಾವಲಿಯ ಮುಂದೆಯೂ ಒಬ್ಬೊಬ್ಬ ನಿಂತಾಗಲೇ ಟಾಪ್ 50% ಅನ್ನುತ್ತದೆ! ಮಿಕ್ಕ 50ರಲ್ಲಿ ಇನ್ನೂ ಎಂಟು ಕಾವಲಿ ಇಲ್ಲ. ಶುರುವಿನಲ್ಲಿ ಇಂಟೆಲ್ ತಾನೇ ಹೇಳಿಕೊಂಡಿದ್ದ ಲಾಭವೂ ಹೆಚ್ಚೆಂದರೆ 30%.

ನಂಬದೆ ನಾನೇ ಅಳೆದೆ. ಅದೇ ಮಾದರಿಯ ಟೆಸ್ಟ್ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, ರ‍್ಯಾಮ್‌ನಲ್ಲಿ ಪೂರ್ತಿ ಹಿಡಿಸುವಷ್ಟು ಡೇಟಾ, ಅದರ ವೇಗ ಅಳೆಯುವ ಪಿಜಿಬೆಂಚ್‌ನ ಬರೀ ಓದುವ ಪರೀಕ್ಷೆ. ಒಟ್ಟಿಗೆ ಕ್ವೆರಿ ಕಳಿಸುವ 4, 8, 16, 32 ಕ್ಲೈಂಟ್. ಹೈಪರ್‌ಥ್ರೆಡಿಂಗ್ ಒಮ್ಮೆ ಆನ್, ಒಮ್ಮೆ ಆಫ್. ಹೊಸ ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ರೀಬೂಟ್ ಬೇಡ, ಎಸ್‌ಎಂಟಿ (ಹೈಪರ್‌ಥ್ರೆಡಿಂಗ್‌ನ ಸಾಮಾನ್ಯ ಹೆಸರು) ಕಂಟ್ರೋಲ್ ಫೈಲ್‌ಗೆ 'ಆಫ್' ಅಂತ ಬರೆದರೆ ಸಾಕು. ಸೆಕೆಂಡಿಗೆ ಎಷ್ಟು ಕ್ವೆರಿ ಅನ್ನುವ ಗ್ರಾಫ್‌ನಲ್ಲಿ ಎಂಟು ಕ್ಲೈಂಟ್‌ವರೆಗೆ ಎರಡು ಗೆರೆಗಳೂ ಅಂಟಿಕೊಂಡೇ ಹೋದವು. ಆಮೇಲೆ ಆಫ್ ಗೆರೆ ಮಲಗಿತು. ಆನ್ ಗೆರೆ ಹತ್ತಿತು, ಆದರೆ ಮೊದಲಿನ ಜೋರಿಲ್ಲ. ಒಂದೊಂದು ಕ್ವೆರಿಗೆ ಹಿಡಿಯುವ ಸಮಯವೂ ಅಲ್ಲಿಂದಲೇ ಜಾಸ್ತಿಯಾಗತೊಡಗಿತು.

ಅಸಲಿ ಕಳ್ಳ ಸ್ಟಾಕ್ ರಿಪೋರ್ಟ್. 16 ಸಿಪಿಯು ಇದೆಯಲ್ಲ ಅಂತ ನಾನೇ ಒಂದು ಕ್ವೆರಿಗೆ 8 ಪ್ಯಾರಲಲ್ ವರ್ಕರ್ (ಕೆಲಸ ಹಂಚಿಕೊಂಡು ಒಟ್ಟಿಗೆ ಮಾಡುವ ಪ್ರೊಸೆಸ್) ಕೊಟ್ಟಿದ್ದೆ. ಟೇಬಲ್‌ಗಳನ್ನು ಜೋಡಿಸುವ ಹ್ಯಾಶ್ ಜಾಯಿನ್‌ನಲ್ಲಿ ಮುಳುಗಿದ ಅವು ಬಿಲ್ಲಿಂಗ್ ಕ್ವೆರಿಗಳ ಪಕ್ಕವೇ ಕೂತು, ಅದೇ ಕೋರ್‌ನ ಎಲ್1, ಎಲ್2 ಕ್ಯಾಶ್ ನುಂಗುತ್ತಿದ್ದವು. ವರ್ಕರ್‌ಗಳನ್ನು ಮತ್ತೆ ಡೀಫಾಲ್ಟ್ 2ಕ್ಕೆ ತಂದೆ, ರಿಪೋರ್ಟನ್ನು ರಾತ್ರಿಗೆ ತಳ್ಳಿದೆ. ಮರುದಿನ ಕೌಂಟರ್‌ನಿಂದ ಫೋನ್ ಬರಲಿಲ್ಲ.

ಕ್ಲೌಡ್‌ನಲ್ಲಿ ಇರುವವರಿಗೆ ಒಂದು ಮಾತು: ಅಲ್ಲಿನ ಇಂಟೆಲ್ ಯಂತ್ರಗಳಲ್ಲಿ 4 ವಿಸಿಪಿಯು (ವರ್ಚುವಲ್ ಸಿಪಿಯು) ಅಂದರೆ ಸಾಮಾನ್ಯವಾಗಿ 2 ಕೋರ್ ಅಷ್ಟೇ.

ನಮ್ಮಲ್ಲಿ ಹೈಪರ್‌ಥ್ರೆಡಿಂಗ್ ಈಗಲೂ ಆನ್ ಇದೆ. ಸಿಪಿಯು ಅಲಾರಂ ಮಾತ್ರ 80ರಿಂದ 50ಕ್ಕೆ ಇಳಿಸಿದ್ದೇನೆ.